ನಿದ್ದೆಯ ಬೀರುವಿಗೆ ಕಾಲು ಕೂರಿಸಿದ ಸಂಪಿ

ಏಳು ಬೆಟ್ಟಗಳ ಆಚೆ, ಮೋಡಗಳು ಕುಳಿತು ದಣಿವಾರಿಸಿಕೊಳ್ಳುವ ಕಡೆ, ಹಿಂದೆ ಯಾವಾಗಲೋ ನೀಲಾವರ ಎಂಬ ರಾಜ್ಯವಿತ್ತು. ಆ ರಾಜ್ಯದ ನಿದ್ದೆಯೆಲ್ಲ ಒಂದು ಬೀರುವಿನಲ್ಲಿತ್ತು.

ಬೀರು ಅರಮನೆಯ ನಡುಕೋಣೆಯಲ್ಲಿ ನಿಂತಿತ್ತು. ಮೇಲೆ ದುಂಡು ಕನ್ನಡಿ, ಕೆಳಗೆ ಎಳೆದು ತೆಗೆಯುವ ಮೂರು ಖಾನೆ, ಅದಕ್ಕೂ ಕೆಳಗೆ ಜಿಂಕೆಯ ಕಾಲಿನಂತೆ ಸಪೂರವಾಗಿ ಹೊರಕ್ಕೆ ಚಾಚಿದ ನಾಲ್ಕು ಕಾಲು. ಸಂಜೆಯಾದರೆ ದೊರೆ ತಳದ ಖಾನೆಯನ್ನು ಎಳೆಯುತ್ತಿದ್ದ. ನಿದ್ದೆ ಬೆಳ್ಳಗೆ, ಹಿಂಜಿದ ಅರಳೆಯಂತೆ ಹೊರಬಂದು ಕಿಟಕಿ ದಾಟಿ ಮನೆಮನೆಗೆ ಹೋಗುತ್ತಿತ್ತು. ಬೆಳಗಾದರೆ ತಾನೇ ಹಿಂದಿರುಗಿ ಮಡಚಿಕೊಂಡು ಕೂರುತ್ತಿತ್ತು.

ಒಂದು ವರ್ಷ ಬೀರು ಅಲ್ಲಾಡತೊಡಗಿತು. ಅರಮನೆಯ ಬಡಗಿ ವೀರಾಚಾರಿ ಬಂದು, ಉದ್ದವೆಂದು ಕಂಡ ಕಾಲನ್ನು ಚೂರು ಕೊಯ್ದ. ಬೀರು ಇನ್ನೊಂದು ಕಡೆಗೆ ವಾಲಿತು. ಆ ಕಡೆಯ ಕಾಲನ್ನೂ ಕೊಯ್ದ. ಮತ್ತೆ ಈ ಕಡೆಯದು. ಹೀಗೆ ಕೊಯ್ದು ಕೊಯ್ದು ಕಾಲುಗಳೇ ಮುಗಿದುಹೋದವು. ಬೀರು ನೆಲಕ್ಕೆ ಕೂತು ಸೊಟ್ಟಗಾಯಿತು. ತಳದ ಖಾನೆ ಬಿಗಿದುಕೊಂಡಿತು. ನಿದ್ದೆ ಒಳಗೇ ಉಳಿಯಿತು.

ಅಂದಿನಿಂದ ಯಾರ ಕಣ್ಣೂ ಮುಚ್ಚಲಿಲ್ಲ. ದೊರೆ ತನ್ನ ಹೆಸರನ್ನೇ ಮರೆತು ಮಂತ್ರಿಯನ್ನು ಕೇಳುತ್ತಿದ್ದ; ಮಂತ್ರಿ ಯೋಚಿಸಿ ಹೇಳುತ್ತೇನೆ ಎನ್ನುತ್ತಿದ್ದ. ಮೇಕೆಗಳು ಸೊಪ್ಪನ್ನು ಬಾಯಲ್ಲಿಟ್ಟುಕೊಂಡು ಅಗಿಯುವುದನ್ನು ಮರೆಯುತ್ತಿದ್ದವು.

ಊರಂಚಿನಲ್ಲಿ ಸಂಪಿ ಎಂಬುವಳಿದ್ದಳು. ಅಪ್ಪನಿಂದ ಬಡಗಿ ಕೆಲಸ ಕಲಿತವಳು. ಅವಳ ಮಗಳು ಚಿಟ್ಟೆಗೆ ಮೂರು ತಿಂಗಳು. ಹುಟ್ಟಿದಾಗಿನಿಂದ ಒಂದು ಗಳಿಗೆಯೂ ಮಲಗಿರಲಿಲ್ಲ. ನಿದ್ದೆ ಕಾಣದ ಕೂಸು ದಿನದಿನಕ್ಕೆ ಹಗುರಾಗುತ್ತಿತ್ತು. ಗಾಳಿ ಬೀಸಿದರೆ ತೊಟ್ಟಿಲಿನಿಂದ ಗೇಣುದ್ದ ಮೇಲೇಳುತ್ತಿತ್ತು. ಇನ್ನು ಬಿಟ್ಟರೆ ಮಗು ಹಾರಿಯೇ ಹೋಗುತ್ತದೆಂದು ಸಂಪಿಗೆ ಗೊತ್ತಾಯಿತು. ಅದನ್ನು ಸೆರಗಿನಲ್ಲಿ ಸೊಂಟಕ್ಕೆ ಬಿಗಿದುಕೊಂಡು, ಉಳಿ ಗರಗಸ ಹಿಡಿದು ಅರಮನೆಗೆ ನಡೆದಳು.

ಮೂರು ಸಲ ಕಾಲು ಕೂರಿಸಿ ನೋಡು, ಆಗದಿದ್ದರೆ ಬೀರುವನ್ನು ಕೊಡಲಿಯಿಂದ ಒಡೆಸುತ್ತೇನೆ ಎಂದ ದೊರೆ. ಒಡೆದರೆ ನಿದ್ದೆ ಬೆದರಿ ಏಳು ಬೆಟ್ಟ ದಾಟುತ್ತದೆ, ಮತ್ತೆ ಬರುವುದಿಲ್ಲ ಎಂದು ಸಂಪಿ ಹೇಳಿದಳು. ದೊರೆ ಅಷ್ಟರಲ್ಲಿ ತಾನು ಹೇಳಿದ್ದನ್ನೇ ಮರೆತಿದ್ದ.

ಮೊದಲು ಅವಳು ತೇಗದ ಮರಕ್ಕೆಂದು ಕಾಡಿಗೆ ಹೋದಳು. ಅದನ್ನು ಕಾಯುತ್ತಿದ್ದ ಕರಡಿ, ಮರ ಬೇಕಾದರೆ ಜೋಗುಳ ಹಾಡು ಎಂದಿತು.

"ಜೋಗುಳಕ್ಕೇನು ಬರವಿಲ್ಲ," ಎಂದಳು ಸಂಪಿ. "ಮಲಗುವವರಿಗೇ ಬರ."

ಹಾಡು ಕೇಳಿ ಕರಡಿ ಅತ್ತಿತು; ಮರ ಕೊಟ್ಟಿತು. ಸಂಪಿ ನಾಲ್ಕು ಕಾಲು ಮಾಡಿ ಕೂರಿಸಿದಳು. ಬೀರು ಅಲ್ಲಾಡಿತು. ಹಿಂದಿನದು ಉದ್ದ, ಕೊಯ್ಯಿ ಎಂದ ವೀರಾಚಾರಿ. ಕೊಯ್ದಳು. ಮುಂದಿನದು ಉದ್ದವಾಯಿತು. ಸಂಜೆಯ ಹೊತ್ತಿಗೆ ತೇಗವೆಲ್ಲ ಹೊಟ್ಟಾಗಿತ್ತು.

ಎರಡನೆಯ ಸಲ ಹೊನ್ನೆಯ ಮರಕ್ಕೆ ಹೋದಳು. ಅಲ್ಲಿ ಏಳು ಹೆಡೆಯ ಹಾವು. ತಲೆ ಏಳಿದ್ದರೂ ಕೈ ಒಂದೂ ಇಲ್ಲ, ಬೆನ್ನು ತುರಿಸಿಕೊಡು ಎಂದು ಅದು ಕೇಳಿತು. ಸಂಪಿ ಮರ ಉಜ್ಜುವ ಅರದಿಂದ ಚೆನ್ನಾಗಿ ತುರಿಸಿದಳು. ಹೊನ್ನೆ ಸಿಕ್ಕಿತು, ಕಾಲು ಕೂತವು, ಬೀರು ಅಲ್ಲಾಡಿತು. ಈ ಕಡೆ ಕೊಯ್ದಳು, ಆ ಕಡೆ ಕೊಯ್ದಳು. ಹೊನ್ನೆಯೂ ಹೊಟ್ಟಾಯಿತು. ಚಿಟ್ಟೆ ಈಗ ಸೆರಗಿನ ತುದಿಯಲ್ಲಿ ಗಾಳಿಪಟದಂತೆ ತೇಲುತ್ತಿದ್ದಳು.

ಮೂರನೆಯ ಸಲ ಬೀಟೆಯ ಮರಕ್ಕೆ ಹೋದಳು. ಅಲ್ಲಿ ಕೆಂಗಣ್ಣಿನ ಹುಲಿ. ಅದು ಏನನ್ನೂ ಕೇಳಲಿಲ್ಲ.

"ಇದು ಕಾಡಿನ ಕೊನೆಯ ಬೀಟೆ," ಎಂದಿತು. "ಕಾಲು ಕೂರಿಸಿದ ಮೇಲೆ ಅದಕ್ಕೆ ಗರಗಸ ಮುಟ್ಟಿಸಿದರೆ ನಿನ್ನನ್ನು ತಿನ್ನುತ್ತೇನೆ."

"ತಿನ್ನು. ಹಾಗಾದರೂ ಕಣ್ಣು ಮುಚ್ಚುತ್ತದೆ," ಎಂದಳು ಸಂಪಿ. ಆದರೂ ಮಾತು ಕೊಟ್ಟೇ ಮರ ತಂದಳು.

ಬೀಟೆಯ ಕಾಲು ಕೂರಿಸಿದಳು. ಬೀರು ಅಲ್ಲಾಡಿತು. ವೀರಾಚಾರಿ ಗರಗಸ ಚಾಚಿದ. ಯಾರೋ ನೆನಪಿಸಿದ್ದಕ್ಕೆ ದೊರೆ ಕೊಡಲಿ ತರಿಸಿದ. ಸಂಪಿ ಗರಗಸ ಮುಟ್ಟಲಿಲ್ಲ. ಒಂದು ಬಿಂದಿಗೆ ನೀರು ಕೇಳಿ, ಬೀರುವಿನ ಅಡಿಗೆ ಸುರಿದಳು. ನೀರು ಅಲ್ಲಿ ನಿಲ್ಲಲಿಲ್ಲ. ಗುಡ್ಡದಿಂದ ಇಳಿದಂತೆ ಸುತ್ತಲೂ ಹರಿಯಿತು.

"ಆಚಾರ್ರೇ, ನಾಲ್ಕು ಕಾಲೂ ಸಮ ಇವೆ. ನೆಲ ಡೊಂಕು."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಸಭೆಯೆಲ್ಲ ನಕ್ಕಿತು. ಸಂಪಿ ಅವರ ಕಡೆ ತಿರುಗಿಯೂ ನೋಡದೆ ನೆಲಕ್ಕೆ ಕಿವಿಯಿಟ್ಟಳು. ಯಾರೂ ಮಲಗದ ಆ ರಾಜ್ಯದಲ್ಲಿ, ನೆಲದ ಕೆಳಗೆ ಯಾರೋ ಗೊರಕೆ ಹೊಡೆಯುತ್ತಿದ್ದರು.

ಬೀರುವನ್ನು ಸರಿಸಿ ಚಪ್ಪಡಿ ಎತ್ತಿಸಿದಳು. ಕೆಳಗೆ ಜೊಂಪಾಸುರ ಎಂಬ ಮಾಯಾವಿ ಮಲಗಿದ್ದ. ಬೀರುವಿನ ಸಂದಿಯಿಂದ ಸೋರುವ ನಿದ್ದೆಯನ್ನು ಕಳ್ಳತನದಲ್ಲಿ ಕುಡಿಯುತ್ತಾ ಅಲ್ಲಿ ಸೇರಿಕೊಂಡಿದ್ದ. ಕುಡಿದಷ್ಟೂ ಊದಿಕೊಂಡಿದ್ದ. ಅವನ ಹೊಟ್ಟೆಯೇ ನೆಲವನ್ನು ಎತ್ತಿತ್ತು. ಭಟರು ಈಟಿಯಿಂದ ತಿವಿದರು, ಈಟಿ ಬಾಗಿತು. ನಗಾರಿ ಬಾರಿಸಿದರು, ಅವನು ಮಗ್ಗುಲು ಬದಲಿಸಿದ.

ಸಂಪಿ ಸೆರಗು ಬಿಚ್ಚಿ ಚಿಟ್ಟೆಯನ್ನು ಅವನ ಎದೆಯ ಮೇಲೆ ಹಿಡಿದಳು. ಚಿಟ್ಟೆ ಅತ್ತಳು.

ಜೊಂಪಾಸುರ ಧಡಕ್ಕನೆ ಎದ್ದು ಕೂತ. "ಯಾರದಿದು ಕೂಸು? ಸುಮ್ಮನಿರಿಸು."

"ಗೊತ್ತಿದ್ದರೆ ಇಲ್ಲಿಗ್ಯಾಕೆ ಬರುತ್ತಿದ್ದೆ? ಮೂರು ತಿಂಗಳು ನಾನು ಎತ್ತಿಕೊಂಡಿದ್ದೇನೆ. ಒಂದು ಗಳಿಗೆ ನೀನು ಎತ್ತಿಕೋ."

ಅವನು ಎತ್ತಿಕೊಂಡ. ತೂಗಿದ. ಹಾಡಿದ. ಚಿಟ್ಟೆ ಅಳು ನಿಲ್ಲಿಸಲಿಲ್ಲ. ಸುಸ್ತಾಗಿ ಅವನು ಆಕಳಿಸಿದ. ಒಂದೊಂದು ಆಕಳಿಕೆಗೂ ಕುಡಿದಿದ್ದ ನಿದ್ದೆ ಹೊರಬಿದ್ದು, ಅವನು ಆನೆಯಷ್ಟಿದ್ದವನು ಆಡಿನಷ್ಟಾದ, ಆಡಿನಷ್ಟಿದ್ದವನು ಅಳಿಲಿನಷ್ಟಾದ. ಸಂಪಿ ಮಗುವನ್ನು ಕಿತ್ತುಕೊಂಡಳು. ಅವನು ಜೀರುಂಡೆಯಾಗಿ ಕಿಟಕಿಯಿಂದ ಹಾರಿಹೋದ.

ಚಪ್ಪಡಿ ಸಮನಾಗಿ ಕೂತಿತು. ಅದರ ಮೇಲೆ ಬೀರು ಬೀಟೆಯ ಕಾಲೂರಿ ಅಲುಗದೆ ನಿಂತಿತು. ಸಂಪಿ ತಳದ ಖಾನೆಯನ್ನು ಒಂದೇ ಬೆರಳಿನಲ್ಲಿ ಎಳೆದಳು. ಬೆಣ್ಣೆಯಲ್ಲಿ ಜಾರಿದಂತೆ ಬಂತು.

ನಿದ್ದೆ ಬೆಳ್ಳಗೆ ಹೊರಟಿತು. ದೊರೆ ಮೆಟ್ಟಿಲ ಮೇಲೆಯೇ ಒರಗಿದ. ವೀರಾಚಾರಿ ಗರಗಸವನ್ನೇ ತಬ್ಬಿಕೊಂಡ. ಕಾಡಿನಲ್ಲಿ ಹುಲಿ ಕರಡಿಯ ಹೊಟ್ಟೆಗೆ ತಲೆಯಿಟ್ಟಿತು. ಆ ರಾಜ್ಯದವರು ಮೂರು ದಿನ ಮಲಗಿ, ನಾಲ್ಕನೆಯ ದಿನ ಎದ್ದು ಹೊಟ್ಟೆ ತುಂಬ ಉಂಡು, ಮುಂದೆ ಬಹುಕಾಲ ನೆಮ್ಮದಿಯಿಂದ ಬಾಳಿದರು.

ಅಂದು ಎಲ್ಲರಿಗಿಂತ ಕೊನೆಗೆ ಮಲಗಿದವಳು ಸಂಪಿ. ಚಿಟ್ಟೆಯ ರೆಪ್ಪೆ ಮೆಲ್ಲಗೆ ಮುಚ್ಚಿತು. ಮುಚ್ಚುತ್ತಲೇ ಮಗು ತೋಳಿನಲ್ಲಿ ಭಾರವಾಗುತ್ತಾ ಬಂತು. ಹೂವಿನಷ್ಟು, ಹಣ್ಣಿನಷ್ಟು, ಆಮೇಲೆ ಕೈ ಜೋಮು ಹಿಡಿಯುವಷ್ಟು. ಕೈ ಬದಲಿಸಿದರೆ ಎಚ್ಚರಾಗುತ್ತದೇನೋ ಎಂದು ಸಂಪಿ ಅಲುಗದೆ ಕೂತೇ ಇದ್ದಳು.