ಕ್ಯಾಶ್‌ಲೆಸ್ ಕಿಟಕಿಯ ರತ್ನಮಾಲಾ

“ಇನ್ನ ಮ್ಯಾಲ ನಾ ನಿನ್ನ ಕಡೆ ಏನೂ ಕೇಳೂದಿಲ್ಲ, ಹರ್ಷದ. ಸಾಯೂ ತನಕ.”

ಏಳು ವರ್ಷದ ಹಿಂದೆ, ಇಚಲಕರಂಜಿಯ ಬಸ್ ಸ್ಟ್ಯಾಂಡಿನಲ್ಲಿ ರತ್ನಮಾಲಾ ಕೊಟ್ಟ ಮಾತು ಇದು. ಅವನು ಜಯಸಿಂಗಪುರದ ವ್ಯಾಪಾರಸ್ಥರ ಮಗ. ಇವಳು ನಾಲ್ಕು ಮಗ್ಗದ ಮನೆಯ ಮಗಳು. ಮದುವೆಯ ಮಾತು ಬಂದಾಗ ಅವನ ತಾಯಿ, “ಮಗ್ಗದವರು ಇವತ್ತ ಹೆಣ್ಣ ಕೊಡತಾರ, ನಾಳೆ ಬೇಡಾಕ ಬರತಾರ” ಅಂದಿದ್ದರು. “ನಿಮ್ಮವ್ವನ ಮುಂದ ನನ್ನ ಸಲವಾಗಿ ಒಂದ ಮಾತ ಆಡು” ಎಂದು ರತ್ನಮಾಲಾ ಕೇಳಿಕೊಂಡಿದ್ದಳು. ಅವನು ತಲೆ ತಗ್ಗಿಸಿ ಕೂತಿದ್ದ. ಅಷ್ಟಕ್ಕೇ ಮುಗಿದಿತ್ತು.

ಈಗ ಅವಳು ಕೊಲ್ಹಾಪುರದ ದೊಡ್ಡ ಆಸ್ಪತ್ರೆಯೊಂದರ ಕ್ಯಾಶ್‌ಲೆಸ್ ಕಿಟಕಿಯಲ್ಲಿ ಕೂರುತ್ತಾಳೆ. ವಿಮೆಯ ಕಾರ್ಡ್ ತಂದವರು ಕೈಯಿಂದ ದುಡ್ಡು ಕಟ್ಟದೆ ಆಪರೇಷನ್ ಮಾಡಿಸಿಕೊಂಡು ಮನೆಗೆ ಹೋಗುವಂತೆ ನೋಡಿಕೊಳ್ಳುವುದು ಅವಳ ಕೆಲಸ. ತನ್ನ ಕಿಟಕಿಯಿಂದ ಯಾರೂ ಅಳುತ್ತ ಹೋಗಿಲ್ಲ ಎಂಬ ಹೆಮ್ಮೆ ಅವಳಿಗಿತ್ತು.

ಆ ವಾರ ಅದಕ್ಕೆ ಪೆಟ್ಟು ಬಿತ್ತು. ಆಸ್ಪತ್ರೆಗೂ ಒಂದು ವಿಮಾ ಕಂಪನಿಗೂ ರೇಟಿನ ಮೇಲೆ ಜಗಳ ಹತ್ತಿ, ಒಪ್ಪಂದ ಮುರಿಯುವ ಹಂತಕ್ಕೆ ಬಂದಿತ್ತು. ಒಂದನೇ ತಾರೀಕಿನಿಂದ ಆ ಕಂಪನಿಯ ಕಾರ್ಡ್ ನಡೆಯುವುದಿಲ್ಲ ಎಂಬ ನೋಟಿಸನ್ನು ಅವಳೇ ಗಾಜಿಗೆ ಅಂಟಿಸಬೇಕಾಯಿತು.

ಗಡಹಿಂಗ್ಲಜದ ಕಡೆಯ ಕುರಿಗಾರ ತಾನಾಜಿ ಗಾಜಿಗೆ ಮುಖ ಹಚ್ಚಿ ನಿಂತ.

“ತಾಯಿ, ಕಾರ್ಡ ಅದೇ ಐತಿ, ದವಾಖಾನಿ ಅದೇ ಐತಿ, ನೀವ ಕೊಟ್ಟ ಆಪರೇಷನ್ ತಾರೀಕೂ ಅದೇ ಐತಿ, ನನ್ನ ಹೆಂಡತಿ ಬೀರವ್ವನ ಹೊಟ್ಟ್ಯಾಗಿನ ಗಂಟೂ ಅಲ್ಲೇ ಐತಿ. ಬದಲಾಗಿದ್ದು ಏನ?”

“ದೊಡ್ಡವರ ಮಾತ ಕೆಟ್ಟೈತಿ, ಕಾಕಾ.”

“ಅವರ ಮಾತ ಕೆಟ್ಟರ ನಮ್ಮಾಕಿ ಯಾಕ ನರಳಬೇಕು?”

ಅವಳು ಅವನ ಕಾರ್ಡ್ ತೆಗೆದುಕೊಂಡು ನಂಬರ್ ಬರೆದುಕೊಂಡಳು. ತಲೆ ಎತ್ತಿದಾಗ ತಾನಾಜಿಯ ಹಿಂದೆ ಆ ವಿಮಾ ಕಂಪನಿಯ ಅಧಿಕಾರಿ ನಿಂತಿದ್ದ. ಮಾತುಕತೆಗೆಂದು ಬಂದವನು. ಹರ್ಷದ.

ಕಿವಿಯ ಮೇಲೆ ಒಂದೆರಡು ಕೂದಲು ಬೆಳ್ಳಗಾಗಿದ್ದವು. ಕಣ್ಣು ಮಾತ್ರ ಹಳೆಯವೇ. ಅವು ಅವಳ ಮುಖಕ್ಕೆ ಬಂದು, ನೋಟಿಸಿನ ಮೇಲೆ ಜಾರಿ, ಮತ್ತೆ ಮುಖಕ್ಕೇ ಬಂದವು.

“ಮೀಟಿಂಗ ಮ್ಯಾಲೈತ್ರಿ ಸಾಹೇಬ್ರ. ಲಿಫ್ಟ ಬಲಕ್ಕ.”

“ದಾರಿ ಗೊತ್ತೈತಿ.”

“ಮತ್ತ ನಿಂತಿದ್ದ ಯಾಕ್ರಿ?”

“ನೀ ‘ರೀ’ ಅಂದದ್ದ ಎಲ್ಲಿ ಚುಚ್ಚಿತು ಅಂತ ನೋಡಾಕತ್ತೇನಿ.”

ಅವಳು ಕಂಪ್ಯೂಟರಿನ ಕಡೆ ತಿರುಗಿದಳು. ಕಿವಿ ಕೆಂಪಾಗಿದ್ದು ಅವನಿಗೆ ಕಾಣಬಾರದೆಂದು ಹಾಗೆ ಮಾಡಿದ್ದು. ಕಂಡೇ ಕಂಡಿತು.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅವನೇ ಎರಡು ಚಹಾ ತಂದು ಎದುರಿಗೆ ಕೂತ.

“ನಿಮ್ಮವ್ವ ಬಾಳಕ್ಕಾರದೂ ನಮ್ಮ ಕಂಪನಿ ಕಾರ್ಡ. ಮೊಣಕಾಲ ಆಪರೇಷನ್ ನಾಕನೇ ತಾರೀಕಿಗೆ. ನೋಡೇನಿ.”

“ನೋಡಿದ್ರ ನೋಡ್ರಿ.”

“ನಾ ಒಂದು ಫೋನ್ ಹಚ್ಚಿದ್ರ ಅವರ ಕೇಸ್ ಅಷ್ಟ ಬ್ಯಾರೆ ದಾರೀಲೆ ಪಾಸ್ ಆಗತೈತಿ. ಒಮ್ಮೆ ಬಾಯಿಬಿಟ್ಟ ಕೇಳು, ರತ್ನಾ.”

ಅವಳು ಚಹಾ ಆರಿಸುತ್ತ ಕೂತಳು.

“ನೀ ಏನ ಮುನಿ ಮಹಾರಾಜರೇನ?” ಅವನಿಗೆ ನಗು ತಡೆಯಲಾಗಲಿಲ್ಲ. “ಬಾಯಿಬಿಟ್ಟ ಕೇಳೂದಿಲ್ಲ. ಊಟಕ್ಕ ಬರ್ರಿ ಅಂತ ನಾವ ತೆಂಗಿನಕಾಯಿ ಹಿಡದು ಬಾಗಲದಾಗ ನಿಂತು ಕರೀಬೇಕು. ಬಂದ್ರ ನಮ್ಮ ಪುಣ್ಯಾ!”

ಬೇಡ ಬೇಡವೆಂದರೂ ಅವಳಿಗೆ ನಗು ಬಂತು. ಇಬ್ಬರದೂ ಜೈನರ ಮನೆ; ಚಿಕ್ಕವರಿದ್ದಾಗ ಊರಿಗೆ ಬಂದ ಮುನಿಗಳನ್ನು ಊಟಕ್ಕೆ ಕರೆಯಲು ಹಾಗೆ ಬಾಗಿಲಲ್ಲಿ ನಿಂತವರೇ.

“ಮಹಾರಾಜರ ಹೆಸರಿನ್ಯಾಗ ಚ್ಯಾಷ್ಟಿ ಬ್ಯಾಡ.”

“ನಕ್ಕದ್ದ ಯಾರ ಮತ್ತ?”

ಅವಳು ತಾಯಿಗೆ ಫೋನ್ ಹಚ್ಚಿ, ವಿಷಯ ಹೇಳಿ, ಸ್ಪೀಕರ್ ಮಾಡಿ ಮೇಜಿನ ನಡುವೆ ಇಟ್ಟಳು.

“ಯಾರು, ಆ ಜಯಸಿಂಗಪುರದಾಂವ?” ಬಾಳಕ್ಕನ ದನಿಗೆ ಅಕ್ಕಪಕ್ಕದವರೂ ತಿರುಗಿದರು. “ಕೇಳಪಾ ತಮ್ಮಾ, ನೋಯೂದು ನನ್ನ ಮೊಣಕಾಲ, ಮರ್ಯಾದಿ ಅಲ್ಲ. ಆ ಕುರಿಗಾರರ ಹೆಣ್ಮಗಳ ಸುದ್ದಿ ರತ್ನಾ ಈಗ ಹೇಳಿದಳು. ಆಕಿಗಿಲ್ಲದ ದಾರಿ ನನಗ ಬ್ಯಾಡ. ಕುಂಟಕೋತ ಇರತೇನಿ. ಇಡು ಫೋನ.”

ಹರ್ಷದನ ಚಹಾ ತಣ್ಣಗಾಗಿತ್ತು.

“ನಿಮ್ಮ ಮನಿ ಹೆಣ್ಮಕ್ಕಳಿಗೆ ಸೊಕ್ಕ ಭಾಳ.”

“ನಾಕ ಮಗ್ಗ ನಡಿಸಿ ಗಳಿಸಿದ ಸೊಕ್ಕರಿ. ಪುಕ್ಕಟ ಬಂದಿದ್ದಲ್ಲ.” ಅವಳು ಎದ್ದಳು. ಬೆನ್ನು ನೆಟ್ಟಗಿತ್ತು. ತಾಯಿಯ ನಡಿಗೆಯ ನೆನಪಾಗಿ ಕಣ್ಣು ತುಂಬಿದ್ದನ್ನು ಕಾರಿಡಾರಿಗೆ ಬಂದ ಮೇಲೆಯೇ ಒರೆಸಿಕೊಂಡಳು.

ಮರುದಿನ ಕೊನೆಯ ಮೀಟಿಂಗು. ಯಾರ್‍ಯಾರಿಗೆ ಆಪರೇಷನ್ನಿನ ದಿನ ಕೊಟ್ಟಾಗಿದೆ ಎಂದು ಹೇಳಲು ರತ್ನಮಾಲಾಳನ್ನೂ ಕರೆದಿದ್ದರು. ಅವಳು ಬಾಗಿಲ ಬಳಿ ನಿಂತಳು.

“ಹೊಸ ರೇಟ್ ಕೊಡ್ರಿ. ಅಲ್ಲೀತನಕ ನಿಮ್ಮ ಮಂದಿಗೆ ಬಾಗಲಾ ಬಂದ್,” ಎಂದರು ಆಸ್ಪತ್ರೆಯ ಮಾಲೀಕರು.

“ಒಂದನೇ ತಾರೀಕಿನ ಮ್ಯಾಲ ಇಲ್ಲಿ ಬರೂ ಮಂದಿ ನಮ್ಮ ಜವಾಬ್ದಾರಿ ಅಲ್ಲ,” ಎಂದರು ಹರ್ಷದನ ಮೇಲಧಿಕಾರಿ ಬಾಪೂಸಾಹೇಬ.

ಹರ್ಷದ ಎದ್ದು ನಿಂತ.

“ತಾರೀಕ ಕೊಟ್ಟ ಕರದ ಮಂದಿನ್ನ ಬಾಗಲದಿಂದ ಹೊಳ್ಳಿ ಕಳಸೂದು ನಮ್ಮ ಕಡೆ ರೀತಿ ಅಲ್ಲರಿ. ತಾರೀಕ ಗೊತ್ತಾದವರದೆಲ್ಲಾ ಹಳೇ ರೇಟಿನ್ಯಾಗ ಆಗಲಿ. ಉಳದ ಜಗಳಾ ಆಮ್ಯಾಲ ನಾವ ನಾವ ಆಡೂಣು. ಇಲ್ಲಾಂದ್ರ ಈ ಕಾಗದಕ್ಕ ನನ್ನ ಸಹಿ ಇಲ್ಲ.”

“ಹರ್ಷದ, ಕೂಡ್ರು.”

“ಹಿಂದ ಒಮ್ಮೆ ಕೂತಿದ್ದೆ, ಸಾಹೇಬ್ರ. ಇನ್ನ ಕೂಡ್ರೂದಿಲ್ಲ.”

ಬಾಪೂಸಾಹೇಬರಿಗೆ ಅದು ಅರ್ಥವಾಗಲಿಲ್ಲ. ಬಾಗಿಲ ಬಳಿ ನಿಂತವಳಿಗೆ ಆಯಿತು.

ಆಸ್ಪತ್ರೆಯ ಮಾಲೀಕರು, “ಅಷ್ಟಕ್ಕ ನಮ್ಮದೇನ ಅಡ್ಡಿ ಇಲ್ಲ ಬಿಡ್ರಿ” ಎಂದರು. ಒಬ್ಬರೇ ಉಳಿದ ಬಾಪೂಸಾಹೇಬ ಗೊಣಗುತ್ತ ಪೆನ್ನು ತೆಗೆದರು. ಹೊಸ ಒಪ್ಪಂದ ಆಗಲಿಲ್ಲ. ಆದರೆ ದಿನ ಗೊತ್ತಾದ ಒಬ್ಬರನ್ನೂ ತಿರುಗಿ ಕಳಿಸುವ ಹಾಗಿರಲಿಲ್ಲ.

ಕೆಳಗಿಳಿದು ಬಂದು ಅವಳು ಗಾಜಿನ ಮೇಲಿನ ನೋಟಿಸು ಕಿತ್ತಳು.

“ಕಾಕಾ, ಬೀರವ್ವಾರನ್ನ ಕರಕೊಂಡ ಬರ್ರಿ. ಹೇಳಿದ ದಿನಾನ ಆಪರೇಷನ್.”

“ಗೆದ್ದಿ, ತಾಯಿ!”

“ನಾ ಅಲ್ಲರಿ.” ಅವಳು ಗದ್ದದಿಂದ ಮೆಟ್ಟಿಲ ಕಡೆ ತೋರಿಸಿದಳು. ತಾನಾಜಿ ಇಳಿದು ಬರುತ್ತಿದ್ದವನನ್ನು ನೋಡಿದ, ಇವಳನ್ನು ನೋಡಿದ, ಮೀಸೆಯಲ್ಲಿ ನಗುತ್ತ ತಲೆಯ ಪಟಕಾ ಸರಿಮಾಡಿಕೊಂಡು ಹೊರಟ.

ಹರ್ಷದ ಕಿಟಕಿಯ ಮುಂದೆ ನಿಂತ.

“ನೌಕರಿ?” ಅವಳು ಕೇಳಿದಳು.

“ಹೋದ್ರ ಹೋಗವಲ್ದ್ಯಾಕ. ಬ್ಯಾರೆ ಹುಡುಕತೇನಿ. ಅವ್ವಗೂ ಮುಂಜಾನೆ ಫೋನ್ ಮಾಡಿದ್ದೆ. ಆಗ ಆಡಬೇಕಾಗಿದ್ದ ಮಾತ ಈಗ ಆಡೇನಿ.”

“ಏನಂದ್ರು?”

“ಅತ್ತಳು. ಆಮ್ಯಾಲ, ಆಕಿ ಇನ್ನೂ ಲಗ್ನಾ ಆಗಿಲ್ಲೇನು ಅಂದಳು.” ಅವನು ತಲೆ ತಗ್ಗಿಸಲಿಲ್ಲ. “ನಿನ್ನ ಕೇಳೂ ಹಕ್ಕ ನನಗಿಲ್ಲ, ರತ್ನಾ. ಅದನ್ನ ಬಸ್ ಸ್ಟ್ಯಾಂಡಿನ್ಯಾಗ ಕಳಕೊಂಡೇನಿ.”

ಅವಳು ಎದ್ದಳು. ಗಾಜಿನ ಹಿಂದಿನಿಂದ ಆಡುವ ಮಾತಲ್ಲ ಇದು. ಪಕ್ಕದ ಬಾಗಿಲು ತೆಗೆದು ಹೊರಗೆ ಬಂದು, ಸಾಲಿನಲ್ಲಿದ್ದ ಜನರೆಲ್ಲರ ಮುಂದೆ, ತಲೆ ಎತ್ತಿ ಅವನ ಎದುರು ನಿಂತಳು.

“ಹರ್ಷದ, ನನ್ನ ಲಗ್ನಾ ಆಗತೀಯೇನು?”

“ಆಗತೇನಿ.”

ಅವನ ಕಡೆ ಏನೂ ಕೇಳುವುದಿಲ್ಲವೆಂದು ಕೊಟ್ಟ ಮಾತನ್ನು ರತ್ನಮಾಲಾ ಮುರಿದಳು.