ಪ್ರಭುವಿನ ಕುಂಟೆತ್ತು

"ಅಲುಗಾಡಬ್ಯಾಡ ಲೇ, ಗಂಟಿ ಒತ್ತಾಕತ್ತೀನಿ!" ಎಂದ ಪ್ರಭು.

ಅವನು ಗದರಿದ್ದು ಮಣ್ಣಿನ ಎತ್ತಿಗೆ. ಟೂತ್‌ಪೇಸ್ಟಿನ ಮುಚ್ಚಳವನ್ನು ಅದರ ಕೊರಳ ಸುತ್ತ ಒತ್ತಿದ. ದುಂಡನೆಯ ಗಂಟೆಸರ ಮೂಡಿತು. ಹಳೆಯ ಬಾಚಣಿಗೆಯ ಹಲ್ಲಿನಿಂದ ಬಾಲದ ಕೂದಲು ಗೀರಿದ. ಕೊಂಬುಗಳಂತೂ ಮೇಲೆದ್ದು ಹಿಂದಕ್ಕೆ ಬಾಗಿ, ನಿಜವಾದ ಎತ್ತಿನ ಕೊಂಬುಗಳೇ!

ಪಕ್ಕದಲ್ಲಿ ಕುಳಿತಿದ್ದ ಐಶ್ವರ್ಯ ತನ್ನ ಎತ್ತನ್ನು ನೋಡಿದಳು. ಕೊಂಬು ಇದ್ದರೆ ಎಮ್ಮೆ, ತೆಗೆದರೆ ಹಂದಿ. ಪಾಪ, ಅದೂ ಅವಳನ್ನೇ ನೋಡುತ್ತಿತ್ತು.

ಪ್ರಭು ಅವಳ ಕಾಕಾನ ಮಗ. ಅಳ್ನಾವರದ ರೈಲ್ವೆ ಕ್ವಾರ್ಟರ್ಸಿನಲ್ಲಿ ಅವರ ಮನೆ. ಮಣ್ಣೆತ್ತಿನ ಅಮಾವಾಸ್ಯೆಗೆ ಅವರು ಐಶ್ವರ್ಯಳ ಊರಾದ ಅಣ್ಣಿಗೇರಿಗೆ ಬಂದದ್ದು ಇದೇ ಮೊದಲು. ಪ್ರತಿ ವರ್ಷ ದೇವರ ಜಗಲಿಯ ಮೇಲೆ ಪೂಜೆಗೆ ಕೂರುವುದು ಐಶ್ವರ್ಯ ಮಾಡಿದ ಜೋಡಿ. ಈ ವರ್ಷ ಯಾರದ್ದು ಎಂದು ಯಾರೂ ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

"ಎಲ್ಲಿ ಕಲ್ತ್ಯೋ ಇದನ್ನ?" ಎಂದು ಕೇಳಿದರು ಅಜ್ಜಿ ಮಹಾದೇವಕ್ಕ. ಮಕ್ಕಳಿಗೆಲ್ಲ ಅವರು ಆಯಿ.

"ವಿಡಿಯೋ ನೋಡಿ, ಆಯಿ. ಸಾಲಿಯಿಂದ ಬಂದ ಮ್ಯಾಲೆ ದಿನಾ ಇದ ನನ್ನ ಕೆಲಸ. ಐಶ್ವರ್ಯಾಗೂ ಕಲಿಸ್ತೀನಿ."

ಅವನು ಕೈ ತೊಳೆಯಲು ಹೋದಾಗ ಆಯಿ ಐಶ್ವರ್ಯಳ ಕಡೆ ತಿರುಗಿದರು.

"ನಮ್ಮ ಎರಿ ಮಣ್ಣಿಗೆ ಬೂದಿ, ಹತ್ತಿ ಹಾಕಬೇಕಂತ ಅವಂಗ ಹೇಳಿದ್ಯೋ ಇಲ್ಲೋ?"

ಐಶ್ವರ್ಯ ಹೇಳಿರಲಿಲ್ಲ. ಹೊಲದ ಕರಿ ಮಣ್ಣು ಒಣಗಿದರೆ ಬಿರಿಯುತ್ತದೆ. ಒಲೆಯ ಬೂದಿ, ಬಿಡಿಸಿದ ಹತ್ತಿ ಸೇರಿಸಿ ನಾದಿದರೆ ಹಿಡಿದುಕೊಳ್ಳುತ್ತದೆ. ತನ್ನ ಮಣ್ಣಿಗೆ ಅವಳು ಬೆಳಿಗ್ಗೆಯೇ ಸೇರಿಸಿ ಮುಗಿಸಿದ್ದಳು. ಪ್ರಭು ಬರೀ ನೀರು ಹಾಕಿ ನಾದಿದ್ದನ್ನೂ ನೋಡಿದ್ದಳು.

ಅವಳ ತಲೆ ಹೌದೆಂದು ಆಡಿತು.

ಮರುದಿನ ಮುಂಜಾನೆ ನೋಡಿದರೆ, ಕಟ್ಟೆಯ ಮೇಲೆ ಒಣಗಲಿಟ್ಟಿದ್ದ ಪ್ರಭುವಿನ ಒಂದು ಎತ್ತು ನಡುವೆ ಬಿರಿದು ಎರಡು ತುಂಡಾಗಿತ್ತು. ಇನ್ನೊಂದರ ಮುಂಗಾಲು ಕಳಚಿ ಬಿದ್ದಿತ್ತು. ಐಶ್ವರ್ಯಳ ಎಮ್ಮೆಯಂಥ ಎತ್ತುಗಳು ಮಾತ್ರ ಗಟ್ಟಿಯಾಗಿ ನಿಂತಿದ್ದವು. ಅವಳಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ.

ಪ್ರಭು ಅಳಲಿಲ್ಲ. ಮುಚ್ಚಳ, ಬಾಚಣಿಗೆ, ಕಡ್ಡಿಗಳನ್ನು ಒಂದೊಂದಾಗಿ ಕಂಪಾಸ್ ಬಾಕ್ಸಿಗೆ ಹಾಕಿದ.

"ಅಳ್ನಾವರದಾಗ ನಾ ಮಾಡಿದ್ದು ಒಂದೂ ಒಡದಿಲ್ಲ. ನನ್ನ ಕೈನ ಕೆಟ್ಟೈತಿ. ಇನ್ನ ಮಾಡಂಗಿಲ್ಲ."

ಎತ್ತು ಒಡೆದರೆ ಒಡೆಯಲಿ ಅಂದುಕೊಂಡಿದ್ದಳು ಐಶ್ವರ್ಯ. ಅವನು ಮಾಡುವುದನ್ನೇ ಬಿಡಲಿ ಎಂದಲ್ಲ.

"ಕೈ ಕೆಟ್ಟಿಲ್ಲೋ. ನಿಮ್ಮೂರಾಗ ಕೆಂಪು ಮಣ್ಣು. ನಮ್ದು ಬಿರೀತೈತಿ. ಬೂದಿ, ಹತ್ತಿ ಹಾಕಬೇಕು. ನಂಗ ಗೊತ್ತಿತ್ತು. ನಾನ ಹೇಳಲಿಲ್ಲ."

"ಯಾಕ?"

"ನಿನ್ನ ಎತ್ತು ಭಾಳ ಚಂದ ಇದ್ವು."

ಪ್ರಭು ಎದ್ದು ಒಳಗೆ ಹೋದ. ಊಟಕ್ಕೆ ಅವಳ ಪಕ್ಕ ಕೂರಲಿಲ್ಲ.

ಆಯಿಗೂ ಐಶ್ವರ್ಯ ತಾನೇ ಹೇಳಿದಳು. ಆಯಿ ಬೈಯಲಿಲ್ಲ. ಹತ್ತಿಯ ಬುಟ್ಟಿಯನ್ನು ಅವಳ ಮುಂದಿಟ್ಟು ಹೋದರು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ. ಒಬ್ಬಳೇ ಕುಳಿತು ಹತ್ತಿ ಬಿಡಿಸತೊಡಗಿದಳು.

ಮಧ್ಯಾಹ್ನ ಬಾಗಿಲಲ್ಲಿ ಪ್ರಭು ಬಂದು ನಿಂತ. ಮುಖ ಇನ್ನೂ ಗಂಟಿಕ್ಕಿಕೊಂಡೇ ಇತ್ತು.

"ಬೂದಿ ಎಷ್ಟ ಹಾಕಬೇಕು?"

"ಇಷ್ಟು ಮಣ್ಣಿಗೆ ಒಂದ ಹಿಡಿ ಸಾಕು," ಎಂದಳು ಐಶ್ವರ್ಯ. ಮಣ್ಣಿಗೆ ಬೂದಿ ಉದುರಿಸುತ್ತ ಮೆಲ್ಲಗೆ ಕೇಳಿದಳು, "ಕೊಂಬು ಹೆಂಗ ಬಗ್ಗಸ್ತಿ?"

"ಒಳಗ ಹಸಿ ಕಡ್ಡಿ ಇಡಬೇಕು. ತಾ ಇಲ್ಲೆ, ತೋರಸ್ತೀನಿ."

ಅಮಾವಾಸ್ಯೆಯ ದಿನ ಹೊಸ ಜೋಡಿ ಜಗಲಿಯ ಮೇಲೆ ಕುಳಿತಿತ್ತು. ಗುಲಗಂಜಿಯ ಕಣ್ಣು, ಮುಂದೆ ಹೋಳಿಗೆ. ಒಂದು ಎತ್ತಿನ ಕೊಂಬು ತುಸು ಸೊಟ್ಟ. ಅದು ಐಶ್ವರ್ಯ ಮಾಡಿದ್ದು.

"ಇರಲಿ ಬಿಡು," ಎಂದ ಪ್ರಭು, "ಅದು ಹಾಯೋ ಎತ್ತು."

ಪೂಜೆ ಮುಗಿದ ಮೇಲೆ ಅವನು ಕಾಲು ಮುರಿದ ಹಳೆಯ ಎತ್ತನ್ನು ಎಸೆಯಲು ಹೊರಟ. ಆಯಿ ತಡೆದರು.

"ಏ, ನಾಳೆ ಅದ ಬೇಕೋ! ಅಮಾಸಿ ಮರುದಿನ ಹುಡುಗ್ರು ಕುಂಟೆತ್ತು ಹಿಡ್ಕೊಂಡು ಮನಿಮನಿಗೆ ಜ್ವಾಳ ಕೇಳಾಕ ಹೋಗ್ತಾರ. ಎಲ್ಲಾರೂ ಛಲೋ ಎತ್ತಿನ ಕಾಲು ಮುರೀತಾರ. ನಿಂದು ಮೊದಲ ತಯಾರ ಐತಿ."

ಕ್ವಾರ್ಟರ್ಸಿನಲ್ಲಿ ಇದೆಲ್ಲ ಇರಲಿಲ್ಲ. ಪ್ರಭುವಿನ ಕಣ್ಣು ಅರಳಿತು.

ಮರುದಿನ ಓಣಿಯ ಹುಡುಗರ ಮುಂದೆ ಕುಂಟೆತ್ತು ಹಿಡಿದು ನಡೆದವಳು ಐಶ್ವರ್ಯ. ಚೀಲ ಹಿಡಿದವನು ಪ್ರಭು. ಓಣಿಯ ತುದಿಯ ಮನೆಯ ಹಸನಬಿ ಮೊರದಲ್ಲಿ ಜೋಳ ತಂದು ಚೀಲಕ್ಕೆ ಸುರಿದರು. ಆಮೇಲೆ ಎತ್ತನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು.

"ಅಬಬಬ, ಏನ ಕೊಂಬವಾ! ನೀ ಮಾಡಿದ್ಯೇನು ಐಶ್ವರ್ಯಾ?"

ತಲೆಯಾಡಿಸಿಬಿಡುವುದು ಈಗಲೂ ಸುಲಭವಿತ್ತು.

"ನಾ ಅಲ್ರಿ. ನಮ್ಮ ಪ್ರಭು ಮಾಡ್ಯಾನ್ರಿ."

"ಮತ್ತ ಕಾಲು ಯಾರು ಮುರದ್ರು?" ಹಸನಬಿ ನಗುತ್ತ ಕೇಳಿದರು. ಅದು ಅವರು ಪ್ರತಿ ವರ್ಷ ಕೇಳುವ ಮಾತು.

ಐಶ್ವರ್ಯ ಪ್ರಭುವಿನ ಮುಖ ನೋಡಿದಳು.

"ಅದು ನಾನ್ರಿ," ಎಂದಳು.

ಪ್ರಭುವಿಗೆ ಒಮ್ಮೆಲೇ ನಗು ಬಂತು. ತಡೆದಷ್ಟೂ ಜಾಸ್ತಿಯಾಯಿತು. ಚೀಲ ಅಲುಗಾಡಿ ಜೋಳ ನೆಲಕ್ಕೆ ಚೆಲ್ಲಿತು.

"ನಗಬ್ಯಾಡ ಲೇ, ಗಟ್ಟಿ ಹಿಡಿ," ಎನ್ನುತ್ತ ಐಶ್ವರ್ಯ ಚೀಲದ ಇನ್ನೊಂದು ತುದಿಯನ್ನು ಹಿಡಿದುಕೊಂಡಳು.