ಸಂಜೆಯಿಲ್ಲದ ತೋಪು

ಬಲು ಹಿಂದೆ ಮಿಂಚುಗಿರಿ ಅಂತ ಒಂದು ರಾಜ್ಯವಿತ್ತು. ಎಲ್ಲಿತ್ತು ಅಂತ ಕೇಳಬೇಡಿ, ದಾರಿ ನನಗೂ ಗೊತ್ತಿಲ್ಲ. ಆ ರಾಜ್ಯದಲ್ಲಿ ಕಲ್ಲಿಗೂ ಕಿವಿಯಿತ್ತು, ನೀರಿಗೂ ಕಿವಿಯಿತ್ತು, ಮರಕ್ಕಂತೂ ಇದ್ದೇ ಇತ್ತು. ಆಡಿದ ಮಾತನ್ನು ಅವು ಕೇಳಿಸಿಕೊಳ್ಳುತ್ತಿದ್ದವು, ಕೇಳಿದ್ದನ್ನು ನಡೆಸಿಕೊಡುತ್ತಿದ್ದವು. ಹೀಗಾಗಿ ಅಲ್ಲಿನ ಜನ ಹೊಸ್ತಿಲು ದಾಟಿದ ಮೇಲೆ ನಾಲಿಗೆ ಬಿಗಿಹಿಡಿದೇ ಮಾತಾಡುತ್ತಿದ್ದರು.

ಮುಂಗಾರಿನ ಮೊದಲ ಗುಡುಗಿಗೆ ಅಲ್ಲಿ ಶಾಲೆ ಶುರು. ಹೊಸದಾಗಿ ಶಾಲೆಗೆ ಸೇರುವ ಮಗುವನ್ನು ಬೇಸಿಗೆಯ ಕೊನೆಗೆ ಮನೆಮಂದಿಯೆಲ್ಲ ಸೇರಿ ಗುಡ್ಡ, ಕೆರೆ, ಮಾವಿನ ತೋಪು ಸುತ್ತಿಸಿಕೊಂಡು ಬರಬೇಕು. ಹೋದಲ್ಲಿಂದೆಲ್ಲ ಮಗು ಒಂದೊಂದು ಹಿಡಿ ಮರಳು ತರಬೇಕು. ಅದನ್ನು ಹರಡಿ ಶಾಲೆಯ ಅಯ್ಯನವರು ಮಗುವಿನ ಬೆರಳು ಹಿಡಿದು ಮೊದಲ ಅಕ್ಷರ ತಿದ್ದಿಸುತ್ತಿದ್ದರು. ಗುಡ್ಡದ ಮರಳಲ್ಲಿ ಬರೆದರೆ ಅಕ್ಷರದಿಂದ ಗಾಳಿ ಬೀಸುತ್ತಿತ್ತು. ಕೆರೆಯ ಮರಳಲ್ಲಿ ಬರೆದರೆ ಮೀನು ಚಂಗನೆ ನೆಗೆಯುತ್ತಿತ್ತು.

ಅಲ್ಲಿ ಚಾಪೆ ಹೆಣೆಯುವ ಸಿದ್ದಪ್ಪ, ಅವನ ಹೆಂಡತಿ ನಿಂಬವ್ವ, ಅವರಿಗೆ ಮಗಳು ಚೆನ್ನಾಜಿ, ಮಗ ಬೊಮ್ಮ. ಚೆನ್ನಾಜಿ ಆಗಲೇ ಶಾಲೆ ಕಂಡವಳು, ಯಾವಾಗ ಬಾಗಿಲು ತೆರೆದೀತೋ ಅಂತ ಕಾಯುತ್ತಿದ್ದಳು. ಬೊಮ್ಮನಿಗೆ ಆ ವರ್ಷ ಹೊಸತು.

ಮೊದಲು ಗುಡ್ಡಕ್ಕೆ ಹೋದರು. ಸುಸ್ತಾದ ಮೋಡಗಳು ಅಲ್ಲಿ ಬಂಡೆಗಳ ಮೇಲೆ ಕೂತು ದಣಿವಾರಿಸಿಕೊಳ್ಳುತ್ತಿದ್ದವು. ಬೊಮ್ಮ ಒಂದರ ಬೆನ್ನು ಸವರಿದ, ಅಂಗೈ ಒದ್ದೆಯಾಯಿತು. ಆಮೇಲೆ ಕೆರೆಗೆ ಹೋದರು. ಮೀನುಗಳು ತಲೆ ಎತ್ತಿ ನಾಲ್ವರ ಹೆಸರನ್ನೂ ತಪ್ಪದೆ ಹೇಳಿದವು. ಕೊನೆಗೆ ಮಾವಿನ ತೋಪು. ಅಲ್ಲಿ ಬೊಮ್ಮ ಮರ ಹತ್ತಿ ಕೂತವನು ಇಳಿಯಲೇ ಇಲ್ಲ. ಶಾಲೆಗೆ ಹೋಗುವುದಿಲ್ಲ ಅಂದ. ಅಪ್ಪ ಪುಸಲಾಯಿಸಿದ, ಅಕ್ಕ ತನ್ನ ಪಾಲಿನ ಹಣ್ಣನ್ನೂ ಕೊಡುತ್ತೇನೆ ಅಂದಳು. ಊಹೂಂ. ನಿಂಬವ್ವ ಕೋಳಿ ಕೂಗುವ ಮುಂಚೆ ಎದ್ದು ರೊಟ್ಟಿ ಬಡಿದು, ಬುತ್ತಿ ಕಟ್ಟಿ, ಸುಡುಬಿಸಿಲಲ್ಲಿ ನಡೆದು ಬಂದವಳು. ಅವಳಿಗೆ ಸಿಟ್ಟು ನೆತ್ತಿಗೇರಿತು.

"ಬರಲ್ವಾ? ಹಾಗಾದ್ರೆ ಇಲ್ಲೇ ಬಿದ್ದಿರು" ಅಂದುಬಿಟ್ಟಳು.

ಯಾವ ತಾಯಿ ಅಂದಿಲ್ಲ ಹೇಳಿ! ಆದರೆ ಇವಳು ಅಂದದ್ದು ಮಿಂಚುಗಿರಿಯ ಮರದ ಕೆಳಗೆ. ಕಣ್ಣು ಮಿಟುಕಿಸುವಷ್ಟರಲ್ಲಿ ಕೊಂಬೆ ಬರಿದಾಗಿತ್ತು.

ತೋಪನ್ನೆಲ್ಲ ಜಾಲಾಡಿದರೂ ಬೊಮ್ಮ ಸಿಗಲಿಲ್ಲ. ಗಂಡ ಹೆಂಡತಿ ಎದ್ದೆನೋ ಬಿದ್ದೆನೋ ಅಂತ ಅಯ್ಯನವರ ಹತ್ತಿರ ಓಡಿದರು. ಇದು ಮಧ್ಯಾಹ್ನರಾಯನೆಂಬ ಮಾಂತ್ರಿಕನ ಕೆಲಸ ಅಂದರು ಅಯ್ಯನವರು. ಅವನು ಸೂರ್ಯನನ್ನು ತನ್ನ ನೆತ್ತಿಯ ಮೇಲೇ ಕಟ್ಟಿಹಾಕಿದ್ದಾನೆ, ಅವನ ನಾಡಲ್ಲಿ ಬೇಸಿಗೆ ಮುಗಿಯುವುದಿಲ್ಲ, ಇಲ್ಲೇ ಇರು ಅನ್ನಿಸಿಕೊಂಡ ಮಕ್ಕಳೆಲ್ಲ ಅವನ ಪಾಲು ಅಂದರು. ಮೊದಲ ಗುಡುಗಿನೊಳಗೆ ಬೊಮ್ಮ ಬರದಿದ್ದರೆ ಇನ್ನೆಂದೂ ಬರುವುದಿಲ್ಲ. ಸಿದ್ದಪ್ಪ ಹೊರಟು ನಿಂತ. ಆಗುವುದಿಲ್ಲ, ಮಾತು ಯಾರ ಬಾಯಿಂದ ಬಂತೋ ಅವರೇ ಹೋಗಬೇಕು, ದಾರಿ ಗುಡ್ಡದ ಕಡೆಯಿಂದ ಅಂದರು ಅಯ್ಯನವರು. ಪಡುವಣದಲ್ಲಿ ಆಗಲೇ ಮೋಡ ಕಪ್ಪಿಡುತ್ತಿತ್ತು. ನಿಂಬವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ನಡೆದಳು.

ಗುಡ್ಡದ ದಾರಿಯಲ್ಲಿ ಬೆಂಕಿಯ ಹುಲಿ ಅಡ್ಡಲಾಯಿತು. ಅದು ಕಾಲಿಟ್ಟಲ್ಲಿ ಬಂಡೆ ಬಿರಿಯುತ್ತಿತ್ತು. ಮಗನನ್ನು ಕಳಿಸಿದ್ದು ಯಾರು ಅಂತ ಕೇಳಿತು. ಹಿಂದೆ ಹೀಗೆ ಮಕ್ಕಳನ್ನು ಹುಡುಕಿ ಬಂದವರು ಮಾಂತ್ರಿಕ ಅಂದಿದ್ದರು, ಹಣೆಬರಹ ಅಂದಿದ್ದರು, ಗಂಡ ಅಂತಲೂ ಅಂದಿದ್ದರು. ಅವರೆಲ್ಲ ಅಲ್ಲೇ ಕಲ್ಲಾಗಿ ನಿಂತಿದ್ದರು. ನಿಂಬವ್ವ ಹುಲಿಯ ಕಣ್ಣನ್ನೇ ನೋಡಿದಳು.

"ನಾನೇ. ಸಾಕಾಗಿತ್ತು, ಸಿಟ್ಟು ಬಂತು, ಅಂದುಬಿಟ್ಟೆ" ಅಂದಳು.

ಹುಲಿ ತಲೆ ತಗ್ಗಿಸಿತು. ಮೈಯ ಉರಿ ಆರಿ, ಬೆಕ್ಕಿನ ಹಾಗೆ ಪಕ್ಕಕ್ಕೆ ಸರಿದು ಕೆರೆಯ ದಾರಿ ತೋರಿಸಿತು.

ಕೆರೆಯಲ್ಲಿ ಒಂದು ಊರಿನಷ್ಟು ದೊಡ್ಡ ಆಮೆ ಮೇಲೆದ್ದಿತು. ಬೆನ್ನ ಮೇಲೆ ಆಲದ ಮರಗಳೇ ಬೆಳೆದಿದ್ದವು. ನಡುಮಧ್ಯಾಹ್ನದ ನಾಡಿಗೆ ನೆರಳಿದ್ದವರು ಹೋಗಲಾರರು, ನೆರಳು ಬಿಟ್ಟವರು ಬಹಳ ಹೊತ್ತು ಇದ್ದರೆ ಮನೆಯ ದಾರಿ ಮರೆಯುತ್ತಾರೆ ಅಂತ ಹೇಳಿತು. ನಿಂಬವ್ವ ಹಿಂದೆ ಮುಂದೆ ನೋಡಲಿಲ್ಲ. ಪಾದದಿಂದ ನೆರಳನ್ನು ಬಿಡಿಸಿ, ಒಗೆದ ಸೀರೆಯಂತೆ ಮಡಚಿ ದಡದಲ್ಲಿಟ್ಟಳು. ಆಮೆ ಅವಳನ್ನು ಹೊತ್ತು ಮುಳುಗಿತು. ನೀರಿನ ತಳಕ್ಕೂ ತಳದಲ್ಲಿ ಇನ್ನೊಂದು ಆಕಾಶವಿತ್ತು.

ಅಲ್ಲಿ ಕಂಡದ್ದಕ್ಕೆ ಅವಳು ತೆರೆದ ಬಾಯಿ ಮುಚ್ಚಲಿಲ್ಲ. ಕಣ್ಣು ಹಾಯುವಷ್ಟು ದೂರ ತೋಪು, ಒಂದೇ ಮರದಲ್ಲಿ ಹೂವು, ಕಾಯಿ, ಹಣ್ಣು. ಜೇನು ಹರಿಯುವ ಕಾಲುವೆ. ಹುಲ್ಲೆಗಳ ಬೆನ್ನೇರಿ ಓಡುವ ಸಾವಿರ ಮಕ್ಕಳು. ಯಾರಿಗೂ ಹಸಿವಿಲ್ಲ, ಸುಸ್ತಿಲ್ಲ. ಇದನ್ನು ಬಿಟ್ಟು ಶಾಲೆಗೆ ಯಾರು ಬಂದಾರು ಅಂತ ಅವಳಿಗೇ ಅನಿಸಿತು.

ಚಿನ್ನದ ಮೈಯ ಮಧ್ಯಾಹ್ನರಾಯ ಉಯ್ಯಾಲೆಯಲ್ಲಿ ತೂಗುತ್ತಿದ್ದ. "ಇಲ್ಲಿ ಬೇಲಿಯಿಲ್ಲ ತಾಯಿ. ನಿನ್ನ ಮಗ ತಾನಾಗಿ ಬಂದರೆ ಕರಕೊಂಡು ಹೋಗು. ಎಳೆದೆಯೋ, ಇಬ್ಬರೂ ಬೂದಿ" ಅಂದ.

ಬೊಮ್ಮ ಒಂದು ಅಳಿಲಿನ ಜೊತೆ ಆಡುತ್ತಿದ್ದ. ಅವ್ವನನ್ನು ನೋಡಿದ, ಎದ್ದು ಬರಲಿಲ್ಲ.

"ನೀನೇ ಇಲ್ಲಿರು ಅಂದ್ಯಲ್ಲ" ಅಂದ.

"ಅಂದೆ ಮಗನೇ. ತಪ್ಪಾಯ್ತು."

"ಶಾಲೇಲಿ ನೀನಿರ್ತೀಯಾ?"

ಹೂಂ ಅನ್ನುವುದು ಸುಲಭವಿತ್ತು. ನಿಂಬವ್ವ ಅನ್ನಲಿಲ್ಲ. "ಇರಲ್ಲ ಕಣೋ. ನನ್ನ ಒಳಗೆ ಬಿಡಲ್ಲ. ನೀನು ಅಲ್ಲಿ ಅಳ್ತೀಯ, ನಾನು ಮನೇಲಿ ಅಳ್ತೀನಿ. ಆದ್ರೆ ಸಂಜೆ ಬಾಗಿಲಲ್ಲಿ ನಿಂತಿರ್ತೀನಿ."

"ಸಂಜೆ ಅಂದ್ರೇನವ್ವ?"

ಅಷ್ಟರಲ್ಲೇ ಮರೆತಿದ್ದ ಮಗು! ನಿಂಬವ್ವನ ಕಣ್ಣು ತುಂಬಿತು. ಪಕ್ಕದಲ್ಲಿ ಕೂತು ಹೇಳತೊಡಗಿದಳು. ದನ ಮನೆಗೆ ಬರುವ ಹೊತ್ತಿನ ಕೆಂಧೂಳು, ಒಲೆಯ ಹೊಗೆ, ದೀಪ ಹಚ್ಚುವ ಮುಂಚಿನ ಮಬ್ಬು, ಕೈಕಾಲು ತೊಳೆದು ಅಪ್ಪನ ಚಾಪೆಯ ಮೇಲೆ ಬೀಳುವ ಸುಖ, ಬಿಸಿ ರೊಟ್ಟಿ. ಆಡುತ್ತಿದ್ದ ಮಕ್ಕಳು ಒಬ್ಬೊಬ್ಬರಾಗಿ ಬಂದು ಸುತ್ತ ಕೂತರು. ಹುಲ್ಲೆಗಳೂ ಬಂದವು. ಮರಗಳು ಎಲೆ ಅಲ್ಲಾಡಿಸದೆ ಕೇಳಿದವು. ಆ ತೋಪಿನಲ್ಲಿ ಸಂಜೆಯ ಮಾತು ಯಾರೂ ಆಡಿರಲಿಲ್ಲ. ಕೇಳಿದ್ದನ್ನು ಮರಗಳು ನಡೆಸಿಕೊಟ್ಟವು.

ಸೂರ್ಯ ಒಂದು ಬೆರಳಿನಷ್ಟು ವಾಲಿದ. ಮಕ್ಕಳ ಪಾದದಡಿಯಿಂದ ನೆರಳು ಮೂಡಿ ಉದ್ದವಾಗುತ್ತ ಹೋಯಿತು. ನಿಂಬವ್ವನ ನೆರಳೂ ಹುಡುಕಿಕೊಂಡು ಬಂತು. ಮಧ್ಯಾಹ್ನರಾಯ ಎರಡೂ ಕೈ ಚಾಚಿ ಸೂರ್ಯನನ್ನು ಹಿಡಿಯಹೋದ. ಕೆಂಪು ಬೆಳಕು ತಾಕಿದಲ್ಲೆಲ್ಲ ಅವನ ಚಿನ್ನ ಉದುರಿತು. ತೆಳುವಾಗಿ, ಇನ್ನೂ ತೆಳುವಾಗಿ, ಬಿಸಿಲ್ಗುದುರೆಯಂತೆ ಕರಗಿಹೋದ.

ಆಗ ಸಾವಿರ ಮಕ್ಕಳಿಗೂ ಒಟ್ಟಿಗೇ ಮನೆ ನೆನಪಾಯಿತು. ಬೊಮ್ಮ ಎದ್ದು ಅವ್ವನ ಕಿರುಬೆರಳು ಹಿಡಿದ. ಆಮೆ ಎಲ್ಲರನ್ನೂ ಬೆನ್ನಿಗೇರಿಸಿಕೊಂಡು ದಡ ಮುಟ್ಟಿಸಿತು. ಗುಡ್ಡದ ಕಲ್ಲುಗಳು ಅಪ್ಪಂದಿರಾಗಿ, ಅವ್ವಂದಿರಾಗಿ ಎದ್ದು ಮಕ್ಕಳನ್ನು ಬಾಚಿಕೊಂಡವು. ಊರಬಾಗಿಲು ದಾಟಿದ್ದೇ ತಡ, ಗುಡುಗಿತು.

ಮರುದಿನ ಶಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೊಮ್ಮ ಅತ್ತುಕೊಂಡೇ ಒಳಗೆ ಹೋದ. ನಿಂಬವ್ವ ಮನೆಯಲ್ಲಿ ಅತ್ತಳು. ಸಂಜೆಗೆ ಇನ್ನೂ ಎಷ್ಟೋ ಹೊತ್ತಿರುವಾಗಲೇ ಹೋಗಿ ಮಳೆಯಲ್ಲಿ ಬಾಗಿಲ ಬಳಿ ನಿಂತಳು. ಅಲ್ಲಿ ಆಗಲೇ ಊರಿನ ಅರ್ಧ ಜನ ನಿಂತಿದ್ದರು.

ಶಾಲೆ ಬಿಟ್ಟಿತು. ಬೊಮ್ಮ ಬಂದು ಅವಳ ಒದ್ದೆ ಸೆರಗಿನಲ್ಲಿ ಮುಖ ಹುದುಗಿಸಿದ. ಆಮೇಲೆ ಕೇಳಿದ:

"ನಾಳೆನೂ ಸಂಜೆ ಆಗುತ್ತಾ ಅವ್ವ?"

"ಆಗುತ್ತೆ ಮಗ."

"ಹಾಗಾದ್ರೆ ನಾಳೆನೂ ಹೋಗ್ತೀನಿ."

ಮಿಂಚುಗಿರಿಯಲ್ಲಿ ಆಮೇಲೆ ಎಲ್ಲರೂ ನೆಮ್ಮದಿಯಾಗಿದ್ದರು. ಕತೆ ಕೇಳಿದ ನಿಮ್ಮ ಮನೆಗೂ ಹೊತ್ತುಹೊತ್ತಿಗೆ ಸಂಜೆಯಾಗಲಿ.